ಕೊಟೇಷನ್ನಿನ ಕೊನೆಯ ಸಾಲು

ಒನಲೆನ್ನ ಎಂದಿನಂತೆ ವರ್ಕ್‌ಶಾಪಿನ ಬಾಗಿಲು ತೆಗೆದಳು. ಇಬ್ಬರು ವೆಲ್ಡರುಗಳಿಗೆ ಚಹಾ ಕೊಟ್ಟು, ಹಳೆಯ ಕಂಟೇನರಿನೊಳಗಿನ ಆಫೀಸಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಮೈಮೇಲೆ ಸೂತಕದ ಕಡುನೀಲಿ ಉಡುಪು, ಹೆಗಲ ಮೇಲೆ ಅದೇ ಬಣ್ಣದ ಶಾಲು. ಗಂಡ ಸತ್ತವಳು ವರ್ಷ ತುಂಬುವವರೆಗೆ ಹೀಗೇ ಇರಬೇಕೆಂಬುದು ನಮ್ಮ ಲೆಹುರುತ್ಸೆ ಸೀಮೆಯ ಪದ್ಧತಿ. ನಾಲ್ಕು ಜನರೆದುರು ದನಿ ಎತ್ತಬಾರದು, ಯಾರ ಕೈಯನ್ನೂ ಕುಲುಕಬಾರದು, ಹೊತ್ತು ಮುಳುಗುವ ಮೊದಲೇ ಮನೆ ಸೇರಬೇಕು. ಇದರ ಬಗ್ಗೆ ಗೊಣಗುವ ಹೆಂಗಸರು ಬೇಕಾದಷ್ಟಿದ್ದಾರೆ. ಒನಲೆನ್ನ ಗೊಣಗಲಿಲ್ಲ. ಗಂಡ ತಿರೊ ಹೋದ ಮೇಲೆ ಅವಳಿಗೆ ಏನೂ ಅನಿಸುತ್ತಲೇ ಇರಲಿಲ್ಲ. ಊಟದ ಹೊತ್ತಿಗೆ ಊಟ, ಮಲಗುವ ಹೊತ್ತಿಗೆ ಹಾಸಿಗೆ, ಅಷ್ಟೇ.

ಗೇಟು, ಕಿಟಕಿಯ ಸರಳು, ತಗಡಿನ ಚಾವಣಿ, ಇವೇ ಅವರ ಕಂಪನಿಯ ಕೆಲಸ. ಕೊಟೇಷನ್ ಬರೆಯುವುದು ತಿರೊನ ಪಾಲಿಗಿತ್ತು. ಈಗ ಅವಳು ಅವನ ಹಳೆಯ ಕೊಟೇಷನ್ ತೆರೆದು, ಹೆಸರು ಬದಲಿಸಿ, ಅಂಕಿ ಬದಲಿಸಿ ಕಳಿಸುತ್ತಿದ್ದಳು. ಕೊನೆಯ ಸಾಲು ಮಾತ್ರ ಯಾವಾಗಲೂ ಒಂದೇ: ವ್ಯಾಟ್, ಶೇಕಡಾ ಹದಿನೈದು. ಕಂಪನಿಯ ಹೆಸರು ವ್ಯಾಟ್‌ಗೆ ನೋಂದಣಿಯಾಗಿರಲಿಲ್ಲ. ಅಷ್ಟು ಸಣ್ಣ ವ್ಯಾಪಾರಕ್ಕೆ ನೋಂದಣಿ ಬೇಕಾಗಿಯೂ ಇರಲಿಲ್ಲ. ಆದರೆ ನೋಂದಣಿಯಿಲ್ಲದವರು ವ್ಯಾಟ್ ಹೆಸರಿನಲ್ಲಿ ಒಂದು ಕಾಸೂ ಕೇಳುವಂತಿಲ್ಲ. ಇದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಲ್ಲರೂ ಹಾಕುತ್ತಾರಲ್ಲ ಎಂದು ಸುಮ್ಮನಿದ್ದಳು. ನಮ್ಮೂರಿನ ಅರ್ಧ ತಪ್ಪುಗಳು ನಡೆಯುವುದು ಹೀಗೆಯೇ.

ಆ ದಿನ ಅವಳು ಬರೆಯಬೇಕಿದ್ದದ್ದು ಶಿಶುವಿಹಾರದ ಬೇಲಿಯ ಕೊಟೇಷನ್. ದೇಶದ ಗಡಿಯ ಕಡೆ ಲಾರಿಗಳು ಓಡುವ ಹೆದ್ದಾರಿಯ ಪಕ್ಕದಲ್ಲೇ ಶಿಶುವಿಹಾರ. ಹರಿದ ಬೇಲಿಯಿಂದ ಒಂದು ಮಗು ಹೊರಗೆ ನುಸುಳಿ ರಸ್ತೆಯ ಮಧ್ಯದವರೆಗೂ ಹೋಗಿಬಿಟ್ಟಿತ್ತು. ಲಾರಿಯವನು ಬ್ರೇಕ್ ಹಾಕಿದ್ದರಿಂದ ಉಳಿಯಿತು. ತಿಂಗಳೊಳಗೆ ಬೇಲಿ ಆಗದಿದ್ದರೆ ಬಾಗಿಲು ಹಾಕಿಸುತ್ತೇವೆಂದು ಇಲಾಖೆಯವರು ಹೇಳಿಹೋಗಿದ್ದರು. ಇತ್ತ ಒನಲೆನ್ನಳಿಗೂ ಬೇರೆ ಕೆಲಸವಿರಲಿಲ್ಲ. ಇದೂ ಕೈತಪ್ಪಿದರೆ ವರ್ಕ್‌ಶಾಪ್ ಮುಚ್ಚಿ ಇಬ್ಬರು ವೆಲ್ಡರುಗಳನ್ನು ಮನೆಗೆ ಕಳಿಸಬೇಕಿತ್ತು.

ಶಿಶುವಿಹಾರ ನಡೆಸುವ ಮ್ಮಾ ಬಸಾದಿ ಅಳತೆಯ ಚೀಟಿ ಹಿಡಿದು ತಾವೇ ಬಂದರು. ಹಿರಿಯರನ್ನು ಹೆಂಗಸಾದರೆ ಮ್ಮಾ, ಗಂಡಸಾದರೆ ರ್ರಾ ಎಂದು ಕರೆಯುವುದು ನಮ್ಮ ರೂಢಿ. ದುಡ್ಡು ಮಕ್ಕಳ ಅಜ್ಜಿಯಂದಿರು ಕೂಡಿಸಿದ್ದು. ಮಗ್ವಿನ್ಯಾ ಎಂಬ ಕರಿದ ಹಿಟ್ಟಿನುಂಡೆ ಮಾರಿ, ಚರ್ಚಿನಲ್ಲಿ ತಟ್ಟೆ ಹಿಡಿದು, ಸರ್ಕಾರ ಮೊಮ್ಮಕ್ಕಳಿಗೆ ಕೊಡುವ ಗ್ರಾಂಟಿನಲ್ಲಿ ಉಳಿಸಿ ಕೂಡಿಸಿದ್ದು. ಅದನ್ನೆಲ್ಲ ಹೇಳಿ ಕೊನೆಗೆ ಒಂದು ಮಾತು ಸೇರಿಸಿದರು.

"ನಿಮ್ಮ ರೇಟು ಸ್ವಲ್ಪ ನೋಡಿ ಹಾಕು ಮಗಳೇ. ವ್ಯಾಟ್ ಎಷ್ಟಾದ್ರೂ ಆಗ್ಲಿ, ಅದಕ್ಕೆ ನಾವು ಹೊಟ್ಟೆ ಉರ್ಕೊಳ್ಳಲ್ಲ. ಅದು ಸರ್ಕಾರಕ್ಕೆ ಹೋಗ್ತದೆ, ಮಕ್ಕಳ ಗ್ರಾಂಟ್ ಆಗಿ ನಮ್ಮ ಮನೆಗೇ ವಾಪಸ್ ಬರ್ತದೆ."

ಒನಲೆನ್ನ ತಲೆಯಾಡಿಸಿದಳು. ಅವರು ಹೋದ ಮೇಲೆ ಪರದೆಯ ಮೇಲಿನ ಕೊನೆಯ ಸಾಲನ್ನು ನೋಡುತ್ತಾ ಕೂತಳು. ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ. ಆದರೆ ಆ ಸಾಲನ್ನು ಹಾಗೇ ಬಿಟ್ಟು ಕಳಿಸಲು ಕೈ ಮಾತ್ರ ಏಳಲಿಲ್ಲ. ಕೊನೆಗೆ ಅಳಿಸಿದಳು.

ಮಧ್ಯಾಹ್ನ ಭಾವ ಮೊಡಿರಿ ಬಂದ. ತಿರೊನ ಅಣ್ಣ. ಕಂಪನಿ ಶುರುವಾದಾಗ ತನ್ನ ಬಕ್ಕಿ ಪಿಕಪ್ ಗಾಡಿ ಮಾರಿ ದುಡ್ಡು ಕೊಟ್ಟವನು. ಅವನ ಮಾತನ್ನು ಸುಲಭವಾಗಿ ತೆಗೆದುಹಾಕುವ ಹಾಗಿರಲಿಲ್ಲ. ಕೊಟೇಷನ್ ನೋಡಿ ಹುಬ್ಬು ಗಂಟಿಕ್ಕಿದ. ವ್ಯಾಟ್ ಸಾಲಿಲ್ಲದ ಕೊಟೇಷನ್ ಕಂಡರೆ ಜನ ನಮ್ಮನ್ನು ಬೀದಿ ಬದಿಯ ವೆಲ್ಡರ್ ಅಂದುಕೊಳ್ಳುತ್ತಾರೆ ಎಂದ. ಆಮೇಲೆ ಒಂದು ನಿಜವಾದ ಮಾತನ್ನೂ ಹೇಳಿದ.

"ಕಬ್ಬಿಣದ ಅಂಗಡೀಲಿ ನಾವು ವ್ಯಾಟ್ ಕಟ್ಟೇ ತರ್ತೀವಲ್ಲ ಮ್ಮಾಕಾಬೊ? ನೋಂದಣಿ ಇದ್ದೋರಿಗೆ ಅದು ಸರ್ಕಾರದಿಂದ ವಾಪಸ್ ಸಿಗ್ತದೆ. ನಮಗೆ ಯಾರು ಕೊಡ್ತಾರೆ?"

ಅವಳ ಮಗ ಕಾಬೊ ಹುಟ್ಟಿದಾಗಿನಿಂದ ಮೊಡಿರಿ ಅವಳನ್ನು ಕರೆಯುವುದೇ ಹಾಗೆ, ಕಾಬೊನ ಅಮ್ಮ ಎಂದು. ಅವಳಿಗೆ ಅವನು ಅಬುತಿ, ಅಂದರೆ ಅಣ್ಣ.

"ಅದು ಸರಿ ಅಬುತಿ. ಅಂಗಡೀಲಿ ಕೊಟ್ಟಷ್ಟನ್ನ ಕಬ್ಬಿಣದ ಬೆಲೇಲೇ ಸೇರಿಸಿದ್ದೀನಿ. ಆದ್ರೆ ಕೂಲಿ ಮೇಲೆ, ನಮ್ಮ ಲಾಭದ ಮೇಲೆ ಹಾಕ್ತಿದ್ದ ಹದಿನೈದು ಯಾವ ಅಂಗಡೀಗೆ ಕಟ್ಟಿದ್ದು?"

ಮೊಡಿರಿ ಬಾಗಿಲಿನತ್ತ ತಿರುಗಿದ. ಜನ ನೋಡುವುದು ಮೇಲಿನ ಅಂಕಿ ಮಾತ್ರ, ಈ ಕೆಲಸ ನಮ್ಮ ಕೈ ಬಿಟ್ಟಿತೆಂದೇ ತಿಳಿ ಎಂದು ಹೇಳಿ ಹೋದ.

ಅವನು ಅಂದದ್ದೇ ಆಯಿತು. ಶನಿವಾರ ಶಿಶುವಿಹಾರದಲ್ಲಿ ಸಮಿತಿ ಕೂಡಿತು. ಕೊಟೇಷನ್ ಕೊಟ್ಟವರನ್ನೂ ಕರೆದಿದ್ದರು. ಒನಲೆನ್ನ ವಿಧವೆಯರು ಕೂರುವ ಹಾಗೆ ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತಳು, ಮೊಡಿರಿ ಗೋಡೆಗೆ ಒರಗಿ ನಿಂತ. ಕಾರ್ಯದರ್ಶಿ ರ್ರಾ ಫೆನ್ಯೊ, ನಿವೃತ್ತ ಮೇಷ್ಟ್ರು, ಓದಿ ಹೇಳಿದರು. ಝೀರಸ್ಟ್ ಪೇಟೆಯ ದೊಡ್ಡ ಕಂಪನಿಯದು ನಲವತ್ತೆರಡು ಸಾವಿರ ರ‍್ಯಾಂಡ್, ಮೇಲೆ ವ್ಯಾಟ್. ಒನಲೆನ್ನಳದು ನಲವತ್ತನಾಲ್ಕು ಸಾವಿರದ ನೂರೈವತ್ತು, ಒಂದೇ ಅಂಕಿ. ಅಜ್ಜಿಯಂದಿರು ಗುಸುಗುಸು ಶುರುಮಾಡಿದರು. ವ್ಯಾಟ್ ಹೇಗಿದ್ದರೂ ಸರ್ಕಾರದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ಕೆಲಸ ಮಾಡುವವನ ರೇಟು ನೋಡಬೇಕು ಎಂಬುದು ಎಲ್ಲರ ಅಭಿಪ್ರಾಯ. ಹಾಗೆ ನೋಡಿದರೆ ಪೇಟೆಯವನೇ ಅಗ್ಗ. ಒಬ್ಬಾಕೆಯಂತೂ, ಗಂಡ ಇದ್ದಾಗ ಇವರ ರೇಟು ಹೀಗಿರಲಿಲ್ಲ, ಈಗ ಹೇಳೋರು ಕೇಳೋರು ಇಲ್ಲ ಎಂದು ಕೊಂಕು ನುಡಿದಳು.

ಒನಲೆನ್ನ ಕೂತಲ್ಲಿಂದಲೇ, ತಗ್ಗಿದ ದನಿಯಲ್ಲಿ ಹೇಳಿದಳು. ಪೇಟೆಯವರು ಮೋಸ ಮಾಡುತ್ತಿಲ್ಲ, ಅವರ ನೋಂದಣಿ ಇದೆ, ಅವರು ವ್ಯಾಟ್ ಹಾಕಲೇಬೇಕು. ಆದರೆ ಬೇಲಿ ನಿಲ್ಲುವ ಹೊತ್ತಿಗೆ ನಿಮ್ಮ ಕೈಯಿಂದ ಅವರಿಗೆ ಹೋಗುವುದು ನಲವತ್ತೆಂಟು ಸಾವಿರದ ಮುನ್ನೂರು. ನಮಗೆ ಕೊಡಬೇಕಾದದ್ದು ಇಲ್ಲಿರುವಷ್ಟೇ.

ರ್ರಾ ಫೆನ್ಯೊ ಕನ್ನಡಕ ಸರಿಮಾಡಿಕೊಂಡು ಕೂಡಿ ನೋಡಿದರು, ಹೌದೆಂದರು. ಆದರೆ ಮೇಷ್ಟ್ರ ತಲೆ ಅಷ್ಟಕ್ಕೇ ಬಿಡಲಿಲ್ಲ.

"ಹೋದ ವರ್ಷ ಇಲ್ಲಿ ಅಡುಗೆಮನೆ ಚಾವಣಿ ಮಾಡಿದಾಗ ನಿಮ್ಮದ್ರಲ್ಲೂ ವ್ಯಾಟ್ ಇತ್ತಲ್ಲಮ್ಮ. ಈಗ ನೋಂದಣಿ ರದ್ದು ಮಾಡಿಸಿದ್ರಾ?"

ಹೌದು ಎಂದಿದ್ದರೆ ಮುಗಿದಿತ್ತು. ಯಾರೂ ಪರೀಕ್ಷಿಸಲು ಹೋಗುತ್ತಿರಲಿಲ್ಲ. ಮೊಡಿರಿ ಅವಳನ್ನೇ ನೋಡುತ್ತಿದ್ದ. ಹೌದು ಅಂದುಬಿಡು ಎಂದು ಅವನ ಕಣ್ಣು ಬೇಡಿಕೊಳ್ಳುತ್ತಿತ್ತು. ಸತ್ತವನ ಹೆಸರಿಗೆ ಮಸಿ ಬಳಿಯುವ ಹೆಂಡತಿಯನ್ನು ನಮ್ಮವರು ಅಷ್ಟು ಸುಲಭಕ್ಕೆ ಕ್ಷಮಿಸುವುದಿಲ್ಲ, ಅದೂ ಸೂತಕದ ಬಟ್ಟೆಯಲ್ಲಿರುವಾಗ.

"ನೋಂದಣಿ ಯಾವತ್ತೂ ಇರ್ಲಿಲ್ಲ ರ್ರಾ," ಎಂದಳು ಒನಲೆನ್ನ. "ನೀವು ಕೊಟ್ಟ ವ್ಯಾಟ್ ಸರ್ಕಾರಕ್ಕೆ ಹೋಗ್ಲಿಲ್ಲ. ನಮ್ಮ ಮನೇಲೇ ಉಳೀತು. ತಿರೊ ಒಬ್ಬನೇ ಅಲ್ಲ, ನಂಗೂ ಗೊತ್ತಿತ್ತು."

ಮೊಡಿರಿ ಟೋಪಿ ಎತ್ತಿಕೊಂಡು ಹೊರಟುಹೋದ. ಮ್ಮಾ ಬಸಾದಿ ಅವಳತ್ತ ತಿರುಗಿ ಸಹ ನೋಡಲಿಲ್ಲ. ನಾವು ಯೋಚಿಸಿ ತಿಳಿಸುತ್ತೇವೆ ಎಂದರು ರ್ರಾ ಫೆನ್ಯೊ. ಒನಲೆನ್ನ ಎದ್ದು ಮನೆಗೆ ನಡೆದಳು. ಹಗುರವೆನಿಸಿತೇ ಎಂದರೆ ಇಲ್ಲ. ಕೆಲಸ ಹೋಯಿತು, ಗಂಡನ ಹೆಸರೂ ಹೋಯಿತು ಎಂದು ಒಂದೇ ಸಮನೆ ಅಂದುಕೊಳ್ಳುತ್ತಿದ್ದಳು.

ಭಾನುವಾರ ಯಾರೂ ಏನೂ ಹೇಳಿ ಕಳಿಸಲಿಲ್ಲ. ಸೋಮವಾರ ಬೆಳಿಗ್ಗೆ ಅವಳು ವರ್ಕ್‌ಶಾಪಿನಲ್ಲಿ ಉಳಿದಿದ್ದ ಕಬ್ಬಿಣವನ್ನೆಲ್ಲ ಗಾಡಿಗೆ ಹೇರಿಸಿ, ಇಬ್ಬರು ವೆಲ್ಡರುಗಳನ್ನು ಕರೆದುಕೊಂಡು ಶಿಶುವಿಹಾರಕ್ಕೆ ಬಂದಳು. ಮಗು ನುಸುಳಿ ಹೋಗಿದ್ದ ಜಾಗದಲ್ಲಿ, ಹೆದ್ದಾರಿಯ ಕಡೆಗೆ, ಕಂಬಕ್ಕೆ ಗುಂಡಿ ತೋಡಿಸಿದಳು. ಗುಂಡಿ ಅರ್ಧ ಆಗುವ ಹೊತ್ತಿಗೆ ಮೊಡಿರಿ ಬಂದ. ಅವಳಿಗೆ ನಮಸ್ಕಾರ ಹೇಳಲಿಲ್ಲ, ಮುಖವನ್ನೂ ನೋಡಲಿಲ್ಲ. ಸುಮ್ಮನೆ ಕೈಗವಸು ಹಾಕಿಕೊಂಡು ಕಂಬದ ಇನ್ನೊಂದು ತುದಿ ಹಿಡಿದ.

ಸದ್ದು ಕೇಳಿ ಮ್ಮಾ ಬಸಾದಿ ಒಳಗಿನಿಂದ ಬಂದರು. ಸಮಿತಿ ಇನ್ನೂ ಏನೂ ಹೇಳಿಲ್ಲ, ಯಾರನ್ನು ಕೇಳಿ ಕೆಲಸ ಶುರುಮಾಡಿದೆ, ಇದಕ್ಕೆ ಎಷ್ಟು ಕೊಡಬೇಕು ಎಂದು ಕೇಳಿದರು. ದನಿಯಲ್ಲಿ ಸಿಟ್ಟಿತ್ತು.

"ಇದಕ್ಕೆ ಕೊಟೇಷನ್ ಇಲ್ಲ ಮ್ಮಾ," ಎಂದಳು ಒನಲೆನ್ನ. "ಇದು ನಿಮ್ಮದೇ ದುಡ್ಡು. ಚಾವಣಿ ಸಲ ನಮ್ಮ ಹತ್ರ ಉಳಿದದ್ದು. ಇಷ್ಟು ಜಾಗ ಮುಚ್ಚೋಕೆ ಸಾಕಾಗ್ತದೆ. ಉಳಿದ ಬೇಲಿ ನೀವು ಯಾರ ಕೈಲಾದ್ರೂ ಹಾಕಿಸ್ಕೊಳ್ಳಿ."

ಸೂತಕದವಳನ್ನು ಯಾರೂ ಮುಟ್ಟುವುದಿಲ್ಲ. ಆದರೆ ಮ್ಮಾ ಬಸಾದಿ ಹತ್ತಿರ ಬಂದು, ಕೆಂಪು ಮಣ್ಣು ಮೆತ್ತಿದ್ದ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೊಡಿರಿ, ವೆಲ್ಡರುಗಳು, ಬಾಗಿಲಲ್ಲಿ ನಿಂತ ಮಕ್ಕಳು, ಎಲ್ಲರೂ ನೋಡುತ್ತಿದ್ದರು.

"ಕಂಬ ಇನ್ನೊಂದು ಮೊಳ ಆಳಕ್ಕೆ ಹೋಗ್ಲಿ," ಎಂದರು ಮ್ಮಾ ಬಸಾದಿ. "ಬೇಲಿ ನೀನು ಇಲ್ಲಿಂದ ಮುಂದುವರಿಸ್ತೀಯ. ಸಮಿತಿಗೆ ನಾನು ಹೇಳ್ಕೊತೀನಿ."

ಒನಲೆನ್ನಳಿಗೆ ಅಳು ಬಂತು. ಕೈ ಬಿಡಿಸಿಕೊಳ್ಳದೆ, ನಿಂತಲ್ಲೇ ಅತ್ತಳು.