ಐದನೇ ನಂಬರಿನ ಎಣ್ಣೆ

ಗಾಬ್ರೊವೊ ಊರಿನವರ ಜಿಪುಣತನಕ್ಕೆ ಬಲ್ಗೇರಿಯಾವೆಲ್ಲ ನಗುತ್ತದೆ. ಗಾಬ್ರೊವೊದವರೂ ನಗುತ್ತಾರೆ, ನಗುವುದಕ್ಕೆ ಖರ್ಚಿಲ್ಲವಲ್ಲ. ತ್ಸೋಂಕಾ ಮಾತ್ರ ಗಂಡ ಮಿಂಕೋನ ಜಿಪುಣತನಕ್ಕೆ ನಕ್ಕವಳಲ್ಲ; ಮೂವತ್ತು ವರ್ಷ ಹಂಗಿಸಿದವಳು. ಅದರಲ್ಲೂ ಎಣ್ಣೆಯ ವಿಷಯಕ್ಕೆ. ಕುಡಿಯುವ ಎಣ್ಣೆಯಲ್ಲ, ಅದಕ್ಕೆ ಮಿಂಕೋ ಎಂದೂ ಕೈ ಬಿಗಿಹಿಡಿಯಲಿಲ್ಲ. ಅವರ ಹಳೆಯ ನೀಲಿ ಕಾರಿನ ಗೇರ್ ಎಣ್ಣೆ.

ಅಂಗಡಿಯಲ್ಲಿ ನಾಲ್ಕನೇ ನಂಬರಿನ ಡಬ್ಬಿ, ಐದನೇ ನಂಬರಿನ ಡಬ್ಬಿ ಅಕ್ಕಪಕ್ಕ ಕೂತಿರುತ್ತಿದ್ದವು. ಐದು ಹೊಸದು, ದುಬಾರಿ. ಮಿಂಕೋ ಯಾವಾಗಲೂ ನಾಲ್ಕನ್ನೇ ಎತ್ತಿಕೊಳ್ಳುವನು. ಇವಳು ಗೊಣಗಿದರೆ, ಗೇರ್ ಬೀಳದ ಕಾರಿನಂತೆ ಗಂಟಲಲ್ಲಿ ಗರಗರ ಮಾಡಿ ಇವಳ ದನಿಯನ್ನೇ ಅಣಕಿಸುವನು. ಕಾರಣ ಹೇಳಿದವನಲ್ಲ, ಇವಳು ಕೇಳಿದವಳೂ ಅಲ್ಲ.

ಮಿಂಕೋ ತೀರಿಕೊಂಡ ನಲವತ್ತನೆಯ ದಿನ ತ್ಸೋಂಕಾ ಸಮಾಧಿಗೆ ವೈನ್ ಸುರಿದು, ಬೇಯಿಸಿದ ಸಿಹಿ ಗೋಧಿ ಹಂಚಿದಳು. ಸತ್ತವರ ಹೆಸರಲ್ಲಿ ಕೊಡುವುದು ಇದ್ದುದರಲ್ಲೇ ಒಳ್ಳೆಯದಿರಬೇಕು, ಇಲ್ಲದಿದ್ದರೆ ಅವರಿಗೆ ಮುಟ್ಟುವುದಿಲ್ಲ. ಹಾಗಾದರೆ ಅವನ ಕಾರಿಗೆ? ಮರುದಿನವೇ ಐದನೇ ನಂಬರು ತಂದಳು. ಅಷ್ಟು ವರ್ಷ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತವಳಿಗೆ ಯಾವ ಬೋಲ್ಟು ಬಿಚ್ಚಬೇಕೆಂದು ಗೊತ್ತಿತ್ತು. ಹಳೆಯದನ್ನು ಬಸಿದು ತಾನೇ ತುಂಬಿದಳು. ಹಂಗಿಸಿದ ಪಾಪ ತುಸು ತೊಳೆದಂತಾಯಿತು.

ಆ ಕಾರಿನಲ್ಲೇ ಪ್ರತಿ ಶನಿವಾರ ಗುಡ್ಡ ಹತ್ತಿ ಸ್ಮಶಾನಕ್ಕೆ ಹೋಗುವಳು. ಎರಡನೇ ವರ್ಷ ಎರಡನೇ ಗೇರು ಗರಗರ ಎಂದಿತು. ಥೇಟ್ ಮಿಂಕೋ. ಮೊದಲ ಸಲ ಒಬ್ಬಳೇ ನಕ್ಕಳು. ಗರಗರ ಹೆಚ್ಚಿದಾಗ ಮಿಂಕೋನ ಗೆಳೆಯ, ಮೆಕ್ಯಾನಿಕ್ ಇಲ್ಚೋನ ಹತ್ತಿರ ಒಯ್ದಳು.

ಇಲ್ಚೋ ಎಣ್ಣೆ ಬಸಿದು ತಟ್ಟೆಯನ್ನು ಬೆಳಕಿಗೆ ಓರೆಮಾಡಿದ. ಚಿನ್ನದ ಪುಡಿ ಕದಡಿದ ಹಾಗೆ ಮಿನುಗಿತು.

"ಐದು ಯಾರು ಹಾಕಿದ್ದು ಅತ್ತಿಗೆ?"

"ನಾನೇ. ಒಳ್ಳೇದಂತ."

"ಒಳ್ಳೇದೇ, ಹೊಸ ಗಾಡಿಗೆ. ಇದರೊಳಗೆ ಗೇರ್ ಕೂಡಿಸೋ ರಿಂಗು ಹಿತ್ತಾಳೇದು. ಐದರಲ್ಲಿರೋ ಗಂಧಕ ಹಿತ್ತಾಳೇನ ಮೆಲ್ಲಗೆ ತಿನ್ನತ್ತೆ."

ಮಿಂಕೋನಿಗೆ ಇದು ಗೊತ್ತಿತ್ತೇ ಎಂದು ಕೇಳಿದಳು. ತನಗೆ ಹೇಳಿಕೊಟ್ಟವನೇ ಅವನು ಎಂದ ಇಲ್ಚೋ. ಒಂದು ವರ್ಷ ಊರಲ್ಲಿ ನಾಲ್ಕು ಸಿಗದೆ, ದುಪ್ಪಟ್ಟು ಕೊಟ್ಟು ರಾಜಧಾನಿ ಸೋಫಿಯಾದಿಂದ ತರಿಸಿದ್ದನಂತೆ.

"ನನಗ್ಯಾಕೆ ಹೇಳಲಿಲ್ಲ?"

ಇಲ್ಚೋ ಕೈ ಒರೆಸಿಕೊಂಡ. "ನಾನೂ ಕೇಳಿದ್ದೆ. 'ಹೇಳಿಬಿಟ್ರೆ ಬೈಯೋದು ನಿಲ್ಲಿಸ್ತಾಳೆ ಕಣೋ, ಆಮೇಲೆ ನಾನು ಯಾರನ್ನ ಅಣಕಿಸ್ಲಿ?' ಅಂದ."

ಆ ರಿಂಗು ಈಗ ಯಾರೂ ಮಾಡುವುದಿಲ್ಲ. ಇಲ್ಚೋ ನಾಲ್ಕನೇ ನಂಬರು ತುಂಬಿ, ತಿಂದುಹೋದದ್ದು ತಿರುಗಿ ಬರುವುದಿಲ್ಲ, ಎರಡನೆಯದನ್ನು ಆದಷ್ಟು ಮುಟ್ಟಬೇಡಿ ಎಂದ.

ಅಂದು ಶನಿವಾರ. ಗುಡ್ಡದ ಏರಿನಲ್ಲಿ ತ್ಸೋಂಕಾಳ ಕೈ ತಾನಾಗಿ ಎರಡನೇ ಗೇರಿಗೆ ಹೋಯಿತು. ಅವನ ದನಿ ಇನ್ನೊಮ್ಮೆ ಕೇಳಬಹುದಿತ್ತು. ಕೈ ಹಿಂದೆ ತೆಗೆದಳು. ಹಿಂದಿನ ಗಾಡಿಗಳು ಹಾರನ್ ಹೊಡೆದು ಬೈಯುತ್ತಿರಲು, ಮೊದಲನೆಯದರಲ್ಲೇ, ನಡೆಯುವವರಿಗಿಂತ ನಿಧಾನವಾಗಿ, ಮೇಲೆ ಹತ್ತಿದಳು.