ಸಾವಿನ ಮನೆಗೆ ಸರದಿಯಿಲ್ಲ

ಕೃಷ್ಣ ವಾಲ್ವ್ ಗುಂಡಿಯ ಮುಚ್ಚಳ ಎತ್ತಿ, ಕಬ್ಬಿಣದ ಕೀಯನ್ನು ಒಳಗೆ ಇಳಿಸಿಯೇಬಿಟ್ಟಿದ್ದ. ಇನ್ನೇನು ತಿರುಗಿಸಬೇಕು, ಹಿಂದಿನಿಂದ ಪುಟ್ಟಲಕ್ಷ್ಮಮ್ಮನ ದನಿ ಬಂತು.

"ಮುಟ್ಬೇಡ ಕಣ್ಲಾ ಕೃಷ್ಣ."

"ದೊಡ್ಡಪ್ಪನ ಮೈ ತೊಳೀಬೇಕಲ್ಲ ದೊಡ್ಡವ್ವ! ಸಾವಿನ್ ಮನೆಗೆ ಸರದಿ ಇಲ್ಲ, ಕೇಳಿದ್ ತಕ್ಸಣ ನೀರ್ ಬುಡು ಅಂತ ನಂಗೆ ಕಲ್ಸಿದ್ದೇ ಅವ್ರು."

"ಅದು ಸ್ಟ್ರೈಕು ಇಲ್ದಿದ್ದಾಗ. ಇವತ್ತು ಬುಟ್ರೆ, ನಾಳೀಕೂ ಬುಡು ಅಂತಾರೆ. ನಿಮ್ ದೊಡ್ಡಪ್ಪ ಕಾಯ್ತದೆ. ಇನ್ನೇನ್ಲಾ ಅವಸರ ಅದ್ಕೆ?"

ಅವಳ ಕಣ್ಣು ಊದಿದ್ದವು, ದನಿ ಮಾತ್ರ ಅಲುಗಲಿಲ್ಲ. ಕೃಷ್ಣ ಕೀಯನ್ನು ಮೇಲೆತ್ತಿದ. ಜೀವಮಾನವೆಲ್ಲ ಊರಿಗೆ ನೀರು ಬಿಟ್ಟ ಅವಳ ಗಂಡ, ನೀರುಗಂಟಿ ಮರಿಯಯ್ಯ, ಮಣ್ಣಿಗೆ ಹೋಗುವ ದಿನ ನೀರಿಲ್ಲದೆ ಮಲಗಿದ್ದಾನೆ. ಇದೆಂಥ ಗ್ರಹಚಾರ!

ಪಂಚಾಯ್ತಿಯವರು ನೀರು ಬಿಡುವ ಕೆಲಸವನ್ನು ಗುತ್ತಿಗೆದಾರನಿಗೆ ಒಪ್ಪಿಸಲು ಹೊರಟಿದ್ದರು. ನಮ್ಮ ಸಂಘದವರನ್ನು ಕೂರಿಸಿಕೊಂಡು ಮಾತಾಡಿ, ಆಮೇಲೆ ಬೇರೆ ಮಾತು ಎಂದು ನೀರುಗಂಟಿಗಳೂ ಕಸ ಗುಡಿಸುವವರೂ ಕೆಲಸ ನಿಲ್ಲಿಸಿದ್ದರು. ಕೈಪಂಪಿನಲ್ಲಿ ಕುಡಿಯುವಷ್ಟೇ ನೀರು, ನಲ್ಲಿಗಳು ಒಣಗಿದ್ದವು. ಪಿಡಿಒ ದಿಲೀಪ್ ಅವರದು ಒಂದೇ ಹಟ: ಸಂಘ ಗಿಂಘ ಬೇಡ, ಒಬ್ಬೊಬ್ಬರೇ ಬನ್ನಿ.

*

ಒಬ್ಬೊಬ್ಬರೇ ಬನ್ನಿ ಎನ್ನುವ ಆಟ ಹಳೆಯದು. ಹಿಂದೊಬ್ಬ ಸಾಹೇಬರು ಒಬ್ಬನಿಗೆ ಬೆಲ್ಲ, ಇನ್ನೊಬ್ಬನಿಗೆ ಬೆತ್ತ ತೋರಿಸಿ ಕಳಿಸುತ್ತಿದ್ದರು. ಹೊರಗೆ ಬಂದವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮರಿಯಯ್ಯನನ್ನು ಕರೆದಾಗ ಅವನು ಬಾಗಿಲಲ್ಲೇ ನಿಂತು ಕೂಗಿದ: "ಬನ್ರಲಾ ಎಲ್ರೂವೆ, ಸಾಹೇಬ್ರು ಕರೀತಾವ್ರೆ!"

"ನಾನು ಕರೆದದ್ದು ನಿನ್ನೊಬ್ಬನನ್ನ ಕಣಯ್ಯ."

"ನಂಗೆ ಕಿವಿ ಮಂದ ಸಾ. ಇವ್ರೆಲ್ಲ ಕೇಳುಸ್ಕಂಡು ಆಮೇಕೆ ನಂಗೆ ಯೋಳ್ತಾರೆ."

ಮಂದವಂತೆ, ಮಂದ! ಆಚೆ ಬೀದಿಯಲ್ಲಿ ನಲ್ಲಿ ಸುಮ್ಮನೆ ಸುರಿಯುತ್ತಿದ್ದರೆ ಈಚೆ ಬೀದಿಯಿಂದಲೇ ಕೇಳಿಸಿಕೊಂಡು "ನಲ್ಲಿ ನಿಲ್ಸ್ರವ್ವೋ!" ಎಂದು ಅರಚುತ್ತ ಓಡುವ ಆಸಾಮಿ ಅವನು. ನಲ್ಲಿ ಬಿಟ್ಟು ಮರೆಯುವ ನೆರೆಯ ಚಿಕ್ಕಬೋರಮ್ಮನಿಗೂ ಅವನಿಗೂ ಇದೇ ವಿಷಯಕ್ಕೆ ದಿನಾ ಜಗಳ. "ಕಿವಿನೋ ಅದು, ಮೊರನೋ?" ಎಂದು ಅವಳು ಬೈಯುತ್ತಿದ್ದಳು.

*

ಹೊತ್ತು ಏರಿತು. ಪಾಂಡವಪುರ, ಕೆ.ಆರ್. ಪೇಟೆ ಕಡೆಯ ನೀರುಗಂಟಿಗಳೂ ಬಂದು ಚಪ್ಪರದಡಿ ಕೂತರು. ಪಿಡಿಒ ಹಾರ ಹಿಡಿದು ಬಂದರು. ಶವಕ್ಕೆ ಕೈಮುಗಿದು, ಕೃಷ್ಣನ ಹೆಗಲ ಮೇಲೆ ಕೈಯಿಟ್ಟರು.

"ನೀನೊಬ್ಬ ಈ ಕಡೆ ಬಾ. ಪಾಪ, ಆ ಯಜಮಾನರಿಗೋಸ್ಕರ ಆದ್ರೂ ನೀರು ಬಿಡು. ನಿನ್ನ ಕೆಲಸ ಹೋಗದ ಹಾಗೆ ನಾನು ನೋಡ್ಕೋತೀನಿ."

ಕೃಷ್ಣ ಲೆಕ್ಕ ಹಾಕಿದ. ಮನೆಯಲ್ಲಿ ಚಿಕ್ಕ ಮಕ್ಕಳು. ಕೆಲಸ ಉಳಿಯುತ್ತದೆ, ದೊಡ್ಡಪ್ಪನಿಗೆ ಸ್ನಾನವೂ ಆಗುತ್ತದೆ. ಯಾರು ತಾನೇ ತಪ್ಪು ಅಂದಾರು? ಅವನು ಶವದ ಕಡೆ ನೋಡಿದ. ಆ ದೊಡ್ಡ ಕಿವಿಗಳಿಗೆ ಹತ್ತಿ ಇಟ್ಟಿದ್ದರು.

"ನಂಗೂ ಕಿವಿ ಮಂದ ಸಾ," ಎಂದವನೇ ಚಪ್ಪರದ ಕಡೆ ತಿರುಗಿದ. "ಬನ್ರಲಾ ಎಲ್ರೂವೆ, ಸಾಹೇಬ್ರು ಕರೀತಾವ್ರೆ!"

ಸಾವಿನ ಮನೆಯಲ್ಲಿ ನಗಬಾರದು. ಆದರೆ ಮೊದಲು ನಕ್ಕವಳು ಪುಟ್ಟಲಕ್ಷ್ಮಮ್ಮನೇ, ಅಳುತ್ತಳುತ್ತಲೇ. ಎಲ್ಲರೂ ಎದ್ದು ಬಂದರು. ಚಿಕ್ಕಬೋರಮ್ಮ ಚಾಪೆ ತಂದು ಹಾಸಿದಳು.

"ಕೂತ್ಕಳಿ ಸ್ವಾಮಿ. ಎಣ ಕಾಯ್ತದೆ, ಊರೂ ಕಾಯ್ತದೆ. ಇವ್ರ ಕುಟೆ ಮಾತಾಡ್ದೆ ನೀವು ಏಳಂಗಿಲ್ಲ."

ದಿಲೀಪ್ ಸುತ್ತ ನಿಂತವರನ್ನು ನೋಡಿದರು. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತರು. ಪಂಚಾಯ್ತಿ ಅಧ್ಯಕ್ಷೆಗೆ ಫೋನು ಮಾಡಿದರು. ಬಹಳ ಹೊತ್ತು ಮಾತಾಯಿತು. ಗುತ್ತಿಗೆ ನಿಂತಿರಲಿ, ಮುಂದೆ ಏನಿದ್ದರೂ ಸಂಘದವರ ಜೊತೆ ಕೂತೇ ತೀರ್ಮಾನ ಎಂದು ಕೊನೆಗೆ ಆ ಶವದ ಮುಂದೆಯೇ, ಊರಿಗೆಲ್ಲ ಕೇಳುವಂತೆ ಹೇಳಿದರು. ಬರೆದೂ ಕೊಟ್ಟರು.

"ಈಗ ಬುಡ್ಲಾ ನೀರ," ಎಂದಳು ಪುಟ್ಟಲಕ್ಷ್ಮಮ್ಮ.

ನಲ್ಲಿ ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ಧೋ ಎಂದು ಸುರಿಯಿತು. ಮರಿಯಯ್ಯನಿಗೆ ತಲೆತುಂಬ ನೀರು ಹೊಯ್ದರು.

ಚಟ್ಟ ಎದ್ದಾಗ ಬೀದಿಯ ಬಿಂದಿಗೆ, ಬಕೆಟ್ಟುಗಳೆಲ್ಲ ನಲ್ಲಿಯ ಕೆಳಗಿದ್ದವು. ಕೃಷ್ಣ ಮುಂದಿನ ಹೆಗಲು ಕೊಟ್ಟಿದ್ದ. ಚಿಕ್ಕಬೋರಮ್ಮ ಮುಂದೆ ಓಡಿಹೋಗಿ ತನ್ನ ನಲ್ಲಿ ನಿಲ್ಲಿಸಿದಳು; ಬಿಂದಿಗೆ ಇನ್ನೂ ಅರ್ಧವೇ ತುಂಬಿತ್ತು. ಪಕ್ಕದ ಮನೆಯವಳೂ ನಿಲ್ಲಿಸಿದಳು. ಅದರಾಚೆಯವಳೂ. "ನಲ್ಲಿ ನಿಲ್ಸ್ರವ್ವೋ" ಎಂದು ಯಾರೂ ಕೂಗಲಿಲ್ಲ. ಚಟ್ಟ ಮುಂದೆ ಹೋದಂತೆಲ್ಲ ಬೀದಿಯುದ್ದಕ್ಕೂ ಒಂದೊಂದೇ ನಲ್ಲಿ ನಿಲ್ಲುತ್ತ ಹೋಯಿತು.