ಬಂದೆ, ಇರು

ಸ್ಪಿರಿಟ್ಟಿನ ವಾಸನೆ, ಮೊದಲು ಬಂದದ್ದು ಅದು, ಆಮೇಲೆ ಬಿಳಿ ಕೋಟು, ಆಮೇಲೆ ಕೋಟನ್ನು ಅವಳ ತೊಡೆಯ ಮೇಲೆ ಹಾಕಿದ ಟೈಲರ್ ಮಾಸ್ಟರ್ ಕೈ, ಡಾಕ್ಟರಮ್ಮ ಕಾಯ್ತಾ ಇದ್ದಾರೆ, ಒಂದೇ ಗುಂಡಿ, ಬೇಗ ಹಾಕ್ಕೊಡು — ತಲೆ ಎತ್ತದೆಯೇ ಸೂಜಿಗೆ ದಾರ ಪೋಣಿಸಿದಳು, ಎತ್ತಿದರೆ ಆ ಮುಖ ಕಾಣುತ್ತದೆ, ದೊರೆಗೆ ಕೊನೆಯ ಸೂಜಿ ಚುಚ್ಚಿದವರ ಮುಖ, ಸ್ಟೂಲಿನ ಮೇಲೆ ಕೂತು ಬೀದಿ ನೋಡುತ್ತಿದೆ, ಹನ್ನೊಂದು ದಿನವಾಯಿತು, ಅವರಿಗೆ ಇವಳ ಗುರುತು ಹತ್ತಿಲ್ಲ, ಹತ್ತುವುದೂ ಬೇಡ, ಇಲ್ಲ, ಹತ್ತಲಿ, ಕೇಳಬೇಕಾದ್ದು ಒಂದೇ ಮಾತು, ನಾನು ಹೊರಗೆ ಹೋದ ಮೇಲೆ ಅವನು ಹುಡುಕಿದನಾ. ನಾಯಿಗೆ ದೊರೆ ಅಂತ ಹೆಸರಿಟ್ಟದ್ದು ಅತ್ತಿಗೆ, ಕರೆದರೆ ಬರಲ್ಲ, ಓಲೆ ಕಳಿಸಬೇಕೇನೋ ದೊರೆಗಳಿಗೆ, ಎಂದು ಮೂತಿ ತಿರುವಿದ್ದಳು, ಜನರ ಹತ್ರ ಬಾಯಿಗೆ ಬೀಗ, ನಾಯಿ ಹತ್ರ ಪುರಾಣ, ಎಂದದ್ದೂ ಅವಳೇ, ಸುಳ್ಳೇನಲ್ಲ, ಶಾಲೆಯಲ್ಲಿ ಹಾಜರಿ ಕೂಗಿದರೂ ದನಿ ಹೊರಡದೆ ಎಷ್ಟು ದಿನ ಇದ್ದೂ ಇಲ್ಲದವಳಾಗಿದ್ದಳು. ಅವನು ಸಿಕ್ಕಿದ್ದು ಮುಚ್ಚಿದ ಅಂಗಡಿಯ ಮುಂದೆ, ಯಾರೋ ಕಂಬಕ್ಕೆ ಕಟ್ಟಿ ಹೋಗಿದ್ದರು, ಮೂರು ದಿನವೂ ಎರಡು ಕಿವಿ ಬೀದಿಯ ಆ ತುದಿಗೇ, ಕಟ್ಟಿದವರು ಹೋದ ದಿಕ್ಕಿಗೇ, ಅವಳು ಇಟ್ಟದ್ದನ್ನು ಮೂಸಲಿಲ್ಲ, ತಿನ್ನುವಷ್ಟರಲ್ಲಿ ಅವರು ಬಂದು ಹೋಗಿಬಿಟ್ಟರೆ — ನಾಲ್ಕನೇ ದಿನ ಹಗ್ಗ ಕತ್ತರಿಸಿದಳು, ದಾರ ಕತ್ತರಿಸುವ ಇದೇ ಪುಟ್ಟ ಕತ್ತರಿಯಲ್ಲಿ, ಎಷ್ಟು ಹೊತ್ತು ಹಿಡಿಯಿತು.

ಗುಂಡಿಗೆ ನಾಲ್ಕು ತೂತು, ಮೇಲೆ, ಕೆಳಗೆ. ಮನೆಗೆ ತಂದ ಮೇಲೆ ಅವಳು ಬಚ್ಚಲಿಗೆ ಹೋದರೂ ಊಳಿಡುತ್ತಿದ್ದ, ಇದನ್ನ ಎಲ್ಲಿಂದ ತಂದೆಯೋ ಅಲ್ಲೇ ಬಿಟ್ಟು ಬಾ, ಎಂದ ಅಣ್ಣ, ಅದಕ್ಕೇ ಕಲಿಸಿದ್ದು, ಬಂದೆ, ಇರು, ಎಂದು ಹೊಸ್ತಿಲು ದಾಟುವುದು, ಐದು ಎಣಿಸಿ ಒಳಗೆ ಬರುವುದು, ಆಮೇಲೆ ಇಪ್ಪತ್ತು, ಆಮೇಲೆ ಕೆಳಗಿಳಿದು ಕೊಡ ತುಂಬಿಸಿಕೊಂಡು ಬರುವುದು, ಎರಡು ತಿಂಗಳಿಗೆ ಊಳು ನಿಂತಿತು, ಅವಳು ಅಂಗಡಿಯಿಂದ ಸಂಜೆ ಬರುವವರೆಗೂ ಚಾಪೆಯ ಮೇಲೆ ತಣ್ಣಗೆ ಮಲಗಿರುತ್ತಿದ್ದ, ಕಿವಿ ಮಾತ್ರ ಬಾಗಿಲಿಗೆ. ಆರು ವರ್ಷ, ಒಂದು ದಿನವೂ ಆ ಮಾತು ಸುಳ್ಳಾಗಲಿಲ್ಲ. ಆಮೇಲೆ ಹೊಟ್ಟೆಯಲ್ಲಿ ಗಡ್ಡೆ, ಆಸ್ಪತ್ರೆಯ ಉಕ್ಕಿನ ಮೇಜು, ಇನ್ನು ನರಳಿಸೋದು ಬೇಡಮ್ಮ, ಎಂದರು ಡಾಕ್ಟರಮ್ಮ, ತಲೆ ಹಿಡ್ಕೊಂಡು ನಿಂತ್ಕೋತೀಯಾ, ನಿಲ್ಲುತ್ತೇನೆ ಎಂದೇ ಇದ್ದಳು, ಸೂಜಿ ಕಂಡಿತು, ಬಾಗಿಲ ಕಡೆ ತಿರುಗಿದಳು, ಬಾಯಿ, ಯಾರ ಮುಂದೆಯೂ ಬಿಚ್ಚದ ಬಾಯಿ, ತಾನಾಗಿ ಹೇಳಿಬಿಟ್ಟಿತು, ಬಂದೆ, ಇರು. ಹೊರಗಿನ ಬೆಂಚಿನಲ್ಲಿ ಎಣಿಸುತ್ತ ಕೂತಳು, ಐದು, ಇಪ್ಪತ್ತು, ನೂರು ದಾಟಿತು, ಏಳಬೇಕು, ಈಗಲೂ ಹೋಗಬಹುದು, ಏಳಲಿಲ್ಲ.

ದಾರ ಕಚ್ಚಿ ತುಂಡರಿಸಿದಳು, ಕೋಟು ಕೊಟ್ಟಳು, ಕೈ ಕೋಟನ್ನು ಬಿಡಲಿಲ್ಲ. ಮೇಡಂ, ಕಂದು ನಾಯಿ, ಒಂದು ಹಲ್ಲು ಮುರಿದಿತ್ತು, ನಾನು ಹೊರಗೆ ಹೋದ್ಮೇಲೆ — ಮಾಸ್ಟರ್ ಯಂತ್ರ ತುಳಿಯುವುದನ್ನು ನಿಲ್ಲಿಸಿದರು, ಇವಳು ಗಿರಾಕಿಯೊಡನೆ ಮಾತಾಡಿದ್ದನ್ನು ಅವರು ಕೇಳಿಯೇ ಇರಲಿಲ್ಲ. ಓ, ನೀನಾ, ಎಂದರು ಡಾಕ್ಟರಮ್ಮ, ಅವಳ ಮಣಿಕಟ್ಟು ಹಿಡಿದುಕೊಂಡರು. ಮನಸ್ಸಿಗೆ ಹಚ್ಕೋಬೇಡ. ಬೇರೆ ನಾಯಿಗಳು ಸಾಕಿದವರು ಕಾಣದಿದ್ರೆ ಮೇಜಿಂದ ಹಾರೋಕೆ ನೋಡ್ತವೆ, ನಿಂದು ಮಿಸುಕಾಡಲೂ ಇಲ್ಲ. ಬಾಗಿಲು ನೋಡ್ತಾ ಸುಮ್ನೆ ಮಲಗಿತ್ತು. ನೀನು ಈಗ ಬರ್ತೀಯ ಅಂತ ಗೊತ್ತಿದ್ದ ಹಾಗೆ.

ಹೋದರು, ಸಮಾಧಾನಕ್ಕೇ ಹೇಳಿದ್ದು, ಒಳ್ಳೆಯವರು, ಮಾಸ್ಟರ್ ಮುಂದಿನ ಅಂಗಿಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟರು, ಹುಡುಕಲಿಲ್ಲವಂತೆ, ಹೆದರಲಿಲ್ಲವಂತೆ, ಯಾಕೆ ಹೆದರುತ್ತಾನೆ, ಕಲಿಸಿದವಳು ನಾನೇ ಅಲ್ಲವಾ, ಬಟ್ಟೆಗೆ ಸೂಜಿ ಇಳಿಯುತ್ತಿಲ್ಲ, ಉಕ್ಕಿನ ಮೇಜು, ಮಡಿಚಿದ ಮುಂಗಾಲು, ಅದರ ಮೇಲೆ ಗದ್ದ, ಬಾಗಿಲ ಕಡೆಗೆ ಎರಡು ಕಿವಿ, ಎರಡು ಕಿವಿ